ಮಹಾದೇವಿಯ ಹಿಮ್ಮಡಿ

ಮಾಕಳಿಯ ನಾಗಲಕ್ಷ್ಮಮ್ಮನ ವಠಾರದಲ್ಲಿ ಯಾರಿಗೆ ಸೊಂಟ ಉಳುಕಿದರೂ ಮೂಲೆಮನೆಯ ಮಹಾದೇವಿಯ ಬಾಗಿಲಿಗೇ ಬರುತ್ತಿದ್ದರು. ಅವಳು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲಿನಿಂದ ಮೂರು ಸಲ ತುಳಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ಅವಳ ತವರಾದ ಹುನಗುಂದದ ಕಡೆಗೂ ಇತ್ತು, ಮಾಕಳಿಯಲ್ಲೂ ಇತ್ತು. ಯಾರ ಮಾತಿಗೂ ಸೊಪ್ಪು ಹಾಕದ ಮನೆ ಒಡತಿ ನಾಗಲಕ್ಷ್ಮಮ್ಮ ಕೂಡ ಅವಳೆದುರು ಚಾಪೆ ಹಾಸಿ ಬೋರಲು ಮಲಗಿದ್ದುಂಟು. ಹೀಗೆ ವಠಾರವನ್ನೆಲ್ಲ ತುಳಿದವಳು ಗಂಡನನ್ನು ಮಾತ್ರ ತುಳಿದಿರಲಿಲ್ಲ. ಗಂಡನಿಗೆ ಹೆಂಡತಿಯ ಕಾಲು ತಾಗಬಾರದು. ನಿದ್ದೆಗಣ್ಣಲ್ಲಿ ತಾಗಿದರೂ ಅವಳು ಎದ್ದು ಅವನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಮತ್ತೆ ಮಲಗುವವಳು.

ಗ್ರಹಚಾರ ನೋಡಿ, ಪೀಣ್ಯಕ್ಕೆ ಮೆಟ್ರೊ ಬಂದ ವರ್ಷ ಸೊಂಟ ಹಿಡಿದದ್ದು ಅವಳ ಗಂಡ ಭೀಮಪ್ಪನಿಗೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಯಾರಾದರೂ ಮರೆತಿದ್ದರೆ ಅವನನ್ನು ನೋಡಿ ನೆನಪಿಸಿಕೊಳ್ಳಬಹುದಿತ್ತು. ಕಾರ್ಖಾನೆಯಲ್ಲಿ ಅವನ ಕೆಲಸ ನೆಲದ ಮೇಲಿನ ಕಬ್ಬಿಣದ ತುಂಡುಗಳನ್ನು ಎತ್ತಿ ಮೆಷಿನ್ನಿಗೆ ಕೂರಿಸುವುದು. ದಿನಕ್ಕೆ ಮುನ್ನೂರು ಸಲ ಬಗ್ಗುತ್ತಿದ್ದವನು ಈಗ ಒಂದು ಸಲ ಬಗ್ಗಲೂ ಗೋಡೆ ಹಿಡಿಯಬೇಕಾಗಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಮೂಳೆಗೇನೂ ಆಗಿಲ್ಲ ಎಂದರು. ಸೂಪರ್‌ವೈಸರ್ ಒಳ್ಳೆಯವನೇ. ಒಂದು ತಿಂಗಳು ನಿನ್ನ ಜಾಗ ಇಟ್ಟಿರುತ್ತೇನೆ, ಆಮೇಲೆ ಬಗ್ಗಿ ಎತ್ತುವವನು ಬೇಕು ಎಂದು ಮೆತ್ತಗೆ ಹೇಳಿದ್ದ. ಅಂದರೆ ತಿಂಗಳೊಳಗೆ ಸೊಂಟ ಬಗ್ಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

ಮಹಾದೇವಿ ದಿನಾ ಸಂಜೆ ಪ್ಯಾಕಿಂಗ್ ಕೆಲಸ ಮುಗಿಸಿ ಬಂದು, ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಬೆನ್ನಿಗೆ ತಿಕ್ಕುತ್ತಿದ್ದಳು. ಅವನು ಹಾ ಅಂದರೆ ಸಾಕು, ಅವಳ ಕೈ ಹಗುರಾಗುತ್ತಿತ್ತು. ಭೀಮಪ್ಪ ಕಣ್ಣು ಮುಚ್ಚಿಕೊಂಡು, ಈಗ ಆರಾಮಾಯಿತು ಅನ್ನುತ್ತಿದ್ದ. ಎರಡು ವಾರ ಅವಳು ಅದನ್ನೇ ನಂಬಿದಳು. ಒಂದು ಬೆಳಿಗ್ಗೆ ಬಚ್ಚಲಿನಿಂದ ಬರುವಾಗ ನೋಡುತ್ತಾಳೆ, ಗಂಡ ಪ್ಯಾಂಟನ್ನು ನೆಲದ ಮೇಲೆ ಹರಡಿ, ಗೋಡೆಗೊರಗಿ ನಿಂತು, ಕಾಲ್ಬೆರಳಿನಿಂದ ಅದನ್ನು ಮೇಲಕ್ಕೆಳೆಯಲು ಹೆಣಗುತ್ತಿದ್ದಾನೆ. ಕಣ್ಣಲ್ಲಿ ನೀರು. ಅವಳಿಗೆ ಸಿಟ್ಟು ಬರಬೇಕಾಗಿತ್ತು, ಅಳು ಬಂತು. ತಾನೇ ಪ್ಯಾಂಟು ತೊಡಿಸಿದಳು.

ಅಂದೇ ರಜೆ ಹಾಕಿ ಅವನನ್ನು ತುಮಕೂರು ರಸ್ತೆಯ ಫಿಸಿಯೊಥೆರಪಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಜ್ಯೋತಿಲಕ್ಷ್ಮಿ ಎಂಬ ಹುಡುಗಿ ಬೆನ್ನನ್ನು ಬೆರಳಿನಿಂದ ತಡಕಿ ನೋಡಿದಳು. ಎಣ್ಣೆ ತಿಕ್ಕಿದ್ದು ತಪ್ಪಲ್ಲ, ಆದರೆ ಅದು ಮೇಲಿನ ಮೈಗೆ ಹಿತ ಅಷ್ಟೆ. ಗಟ್ಟಿಯಾಗಿರುವುದು ಒಳಗಿನ ಸ್ನಾಯು, ಅದಕ್ಕೆ ಭಾರ ಕೊಟ್ಟು ನಿಧಾನವಾಗಿ ಒತ್ತಬೇಕು ಎಂದಳು. ಮೊಣಕೈ ಊರಿ ಒತ್ತಿಯೂ ತೋರಿಸಿದಳು. ಭೀಮಪ್ಪ ಹಲ್ಲು ಕಚ್ಚಿ ಸಹಿಸಿದ. ಎದ್ದಾಗ ನಾಲ್ಕು ಬೆರಳಷ್ಟು ಹೆಚ್ಚು ಬಗ್ಗಿದ. ಆದರೆ ಹರೆಯದ ಹುಡುಗಿಯ ಮುಂದೆ ಅಂಗಿ ಬಿಚ್ಚಿ ಮಲಗುವುದೆಂದರೆ ಅವನಿಗೆ ಪ್ರಾಣ ಹೋದಷ್ಟು ನಾಚಿಕೆ. ನಾಳೆಯಿಂದ ಬರುವುದಿಲ್ಲ ಎಂದು ಹಟ ಹಿಡಿದ. ಹಾಗಾದರೆ ಅಕ್ಕನಿಗೇ ಕಲಿಸುತ್ತೇನೆ ಎಂದಳು ಜ್ಯೋತಿಲಕ್ಷ್ಮಿ. ಮಹಾದೇವಿಯ ಸವೆದ ಕೈಗೆ ಅಷ್ಟು ಬಲವಿರಲಿಲ್ಲ.

“ಕೈಯಲ್ಲಿ ಆಗ್ದಿದ್ರೆ ಹಿಮ್ಮಡೀಲಿ ಒತ್ತಿ ಅಕ್ಕ. ಕುರ್ಚಿ ಹಿಡ್ಕೊಂಡು ಅರ್ಧ ಭಾರ ಬಿಡಿ ಸಾಕು. ಬೆನ್ನುಮೂಳೆ ಮೇಲೆ ಮಾತ್ರ ಕಾಲಿಡ್ಬೇಡಿ.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೂರು ದಿನ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಸುದ್ದಿ ಹೇಗೋ ತಿಳಿದ ನಾಗಲಕ್ಷ್ಮಮ್ಮ, ನಮ್ಮನ್ನು ತುಳಿದ ಹಾಗಲ್ಲ, ಅವನು ತಾಳಿ ಕಟ್ಟಿದವನು ಎಂದು ಎಚ್ಚರಿಸಿ ಹೋದಳು. ಕೊನೆಗೆ ಮಹಾದೇವಿ ಊರಿನಲ್ಲಿದ್ದ ಅತ್ತೆ ಮಲಕವ್ವನಿಗೆ ಫೋನು ಮಾಡಿದಳು. ನಿಜ ಹೇಳಬೇಕೆಂದರೆ ಬೈಸಿಕೊಳ್ಳಲೆಂದೇ ಮಾಡಿದಳು. ಹಿರಿಯಳು ಬೇಡವೆಂದರೆ ತನ್ನ ಮೇಲಿನ ಭಾರ ಇಳಿಯುತ್ತಿತ್ತು. ಮಲಕವ್ವ ಎಲ್ಲವನ್ನೂ ಕೇಳಿಸಿಕೊಂಡಳು.

“ನಿಮ್ಮ ಮಾವನ ನಡಾ ನಾ ಇಪ್ಪತ್ತ ವರ್ಸ ತುಳದೇನವಾ,” ಎಂದಳು ಆಮೇಲೆ. “ಬಾಗಲಾ ಹಾಕ್ಕೊಂಡು ತುಳೀತಿದ್ದೆ. ನೀನೂ ಬಾಗಲಾ ಹಾಕ್ಕೋ.”

ಆ ಸಂಜೆ ಮಹಾದೇವಿ ಬಾಗಿಲು ಹಾಕಿದಳು, ಕಿಟಕಿಗೆ ಸೀರೆ ಇಳಿಬಿಟ್ಟಳು, ಎರಡೆರಡು ಸಲ ಕಾಲು ತೊಳೆದಳು. ಭೀಮಪ್ಪ ಚಾಪೆಯ ಮೇಲೆ ಬೋರಲು ಮಲಗಿದ ಮೇಲೆ ಕುರ್ಚಿ ಹಿಡಿದು ಅವನ ಸೊಂಟಕ್ಕೆ ಹಿಮ್ಮಡಿ ಇಟ್ಟಳು. ಬೆನ್ನುಮೂಳೆಯ ಪಕ್ಕದಲ್ಲಿ ಹುರಿ ಹಗ್ಗದಂಥದ್ದೊಂದು ಕಾಲಿಗೆ ಸಿಕ್ಕಿತು. ಇಷ್ಟು ದಿನ ತನ್ನ ಕೈ ಅದರ ಮೇಲೆ ಸುಮ್ಮನೆ ಎಣ್ಣೆ ಸವರುತ್ತಿತ್ತೆಂದು ಅವಳಿಗೆ ಸಂಕಟವಾಯಿತು.

“ನೋವಾಗಾಕತ್ತೈತೇನ್ರಿ?”

“ಆಗಾಕತ್ತೈತಿ. ಕಾಲ ತಗೀಬ್ಯಾಡ.”

ಕೈಯಿಂದ ತಿಕ್ಕಿದ್ದರಿಂದ ಉಪಯೋಗವಿಲ್ಲವೆಂದು ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಭೀಮಪ್ಪ ಚಾಪೆಗೆ ಮುಖವಿಟ್ಟುಕೊಂಡೇ ಉತ್ತರ ಕೊಟ್ಟ. ಮದುವೆಯಾದಾಗಿನಿಂದ ಇಬ್ಬರದೂ ಬೇರೆ ಬೇರೆ ಪಾಳಿ, ಅವಳು ಹತ್ತಿರ ಕೂತದ್ದೇ ಈ ಹದಿನೈದು ದಿನ. ಹೇಳಿದ್ದರೆ ತಿಕ್ಕುವುದನ್ನು ಬಿಟ್ಟುಬಿಡುತ್ತಿದ್ದಳಲ್ಲ, ಅದಕ್ಕೆ ಎಂದ. ಮಹಾದೇವಿಗೆ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಇಳಿದು ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಎಂದಿನಂತೆ ಕೂತು ಕೈಯಿಂದ ಎಣ್ಣೆಯನ್ನೂ ಹಚ್ಚಿದಳು.

ದಿನಾ ಅದೇ ಕ್ರಮವಾಯಿತು. ನಡುವೆ ಒಮ್ಮೆ ಜ್ಯೋತಿಲಕ್ಷ್ಮಿಗೆ ತೋರಿಸಿಕೊಂಡು ಬಂದರು. ಅವಳು ಹೀಗೇ ಮಾಡಿ ಎಂದಳು. ಭೀಮಪ್ಪ ಮೊದಲು ಮೊಣಕಾಲಿನವರೆಗೆ ಬಗ್ಗಿದ, ಆಮೇಲೆ ಸುಧಾರಣೆ ಅಲ್ಲಿಗೇ ನಿಂತುಬಿಟ್ಟಿತು. ಮಹಾದೇವಿ ಬಾಯಿ ಬಿಟ್ಟು ಹೇಳದಿದ್ದರೂ ಊರಿನ ಬಸ್ಸಿನ ಯೋಚನೆ ಮಾಡತೊಡಗಿದ್ದಳು.

ತಿಂಗಳು ತುಂಬಲು ಎರಡು ದಿನವಿತ್ತು. ಅಂದು ಅವಳು ಕಾಲಿಳಿಸಿ ಅವನ ಪಾದ ಮುಟ್ಟಲು ಹೋದಾಗ ಭೀಮಪ್ಪ ತಡೆದ. ಗೋಡೆ ಹಿಡಿಯದೆ ಎದ್ದು ನಿಂತ. ಏನು ಎಂದು ಅವಳು ಕೇಳುವ ಮೊದಲೇ ಸೊಂಟ ಬಗ್ಗಿಸಿ, ನೆಲದವರೆಗೂ ಬಗ್ಗಿ, ಎರಡೂ ಕೈಗಳಿಂದ ಅವಳ ಪಾದ ಹಿಡಿದ. ಅವಳು ಗಾಬರಿಯಾಗಿ ಹಿಂದೆ ಸರಿಯಲು ನೋಡಿದಳು. ಅವನು ಬಿಡಲಿಲ್ಲ.

“ಎಣಸು ಮಾದೇವಿ,” ಎಂದ ಬಗ್ಗಿಕೊಂಡೇ. “ಎಷ್ಟೊತ್ತ ಇರತೇನಿ ನೋಡು.”

ಅವಳು ಒಂದು, ಎರಡು ಎಂದು ಎಣಿಸತೊಡಗಿದಳು. ಏಳರ ತನಕ ಹೇಗೋ ಬಂದಳು. ಆಮೇಲೆ ಅಳು ಬಂದು ಎಣಿಕೆ ತಪ್ಪಿತು.