ಬೆಳಗಿದ ಪಾತ್ರೆ

ಆ ಹಳೇ ಊರಿಗೆ ಜನ ಕೋಟೆ ನೋಡಲು ಬರುತ್ತಾರೆ, ಬೀದಿಬೀದಿಯ ಊಟದ ಮನೆಗಳಲ್ಲಿ ಹೊಟ್ಟೆ ಬಿರಿಯುವಂತೆ ತಿಂದು ಹೋಗುತ್ತಾರೆ. ನನ್ನ ಮುಂದೆ ಗೈಡೊಬ್ಬ ಯಾವ ಗೋಡೆಗೆ ಎಷ್ಟು ವರ್ಷವಾಯಿತೆಂದು ಒದರುತ್ತಿದ್ದ. ಗೋಡೆ ಕಟ್ಟಿಕೊಂಡು ನನಗೇನಾಗಬೇಕು? ನಾನು ಬಂದದ್ದು ಒಂದು ಬಟ್ಟಲು ಸಾರಿಗೆ.

ನನ್ನ ತಮ್ಮ ಇಲ್ಲಿ ಅಡುಗೆಯವನಾಗಿದ್ದ. ಚಿಕ್ಕಂದಿನಲ್ಲಿ ಅಮ್ಮನ ಸೌಟು ಕೈಬಿಡುತ್ತಿರಲಿಲ್ಲ, ಹಾಗಾಗಿ ಮನೆಯಲ್ಲಿ ಅವನ ಹೆಸರೇ ಸೌಟು. "ಅಕ್ಕಾ, ಒಂದ್ಸಲ ಬಂದು ನನ್ನ ಸಾರು ಕುಡಿದು ನೋಡೇ" ಎಂದು ಹನ್ನೆರಡು ವರ್ಷ ಕರೆದ. ಒಲೆ ಊದುವುದೇನು ಘನಕಾರ್ಯ ಎಂದು ಮೂಗು ಮುರಿದೆ. ಹೊಲಿಗೆ ಕೆಲಸ ಬಿಟ್ಟು ಬರೋಕಾಗಲ್ಲ ಎಂದೆ. ಹೋದ ತಿಂಗಳು ಒಲೆಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದನಂತೆ. ಹೆಣವಾಗಿ ಮನೆಗೆ ಬಂದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವನಿದ್ದ ಊಟದ ಮನೆಯಲ್ಲಿ ಸಾರಿನ ಪಾತ್ರೆಯನ್ನು ಎಂದೂ ಬರಿದು ಮಾಡುತ್ತಿರಲಿಲ್ಲ. ಸಣ್ಣ ಉರಿಯಲ್ಲಿ ಉಳಿಸಿಟ್ಟ ನಿನ್ನೆಯ ನಾಲ್ಕು ಸೌಟಿನ ಮೇಲೆಯೇ ಇವತ್ತಿನ ಸಾರು. "ಸತ್ತುಹೋದ ನಮ್ಮ ಗುರುಗಳ ಸಾರೂ ಇದರಲ್ಲಿ ಐತೆ ಅನ್ಕೋ" ಎನ್ನುತ್ತಿದ್ದ ಸೌಟು. ಹಾಗಾದರೆ ಅವನ ಕೈಯದೂ ಒಂದಿಷ್ಟು ಇರಬೇಕಲ್ಲ. ಆ ಆಸೆಗೇ ಬರುತ್ತೇನೆಂದು ಫೋನು ಮಾಡಿ ಹೊರಟಿದ್ದೆ.

ಊಟದ ಮನೆಯ ಯಜಮಾನಿ ಬಾಗಿಲಲ್ಲೇ ಕಾದಿದ್ದಳು. ಒಳಗೆ ಕರೆದೊಯ್ದು ತಮ್ಮನ ಸ್ಟೂಲಿನ ಮೇಲೆ ಕೂರಿಸಿದಳು. ಒಲೆಯ ಮೇಲಿನ ದೊಡ್ಡ ಪಾತ್ರೆ ಮುಖ ಕಾಣುವಷ್ಟು ಫಳಫಳ ಹೊಳೆಯುತ್ತಿತ್ತು. ಕೂತವಳು ಎದ್ದು ನಿಂತೆ.

"ಪಾತ್ರೆ ತೊಳೆದ್ರಾ?"

"ನಿನ್ನೆ ನಾಲ್ಕು ಜನ ಕೂತು ಉಜ್ಜಿದ್ವಿ ಅಕ್ಕ. 'ನಮ್ಮಕ್ಕ ಭಾರೀ ಶುಚಿ, ತಂಗಳು ಮುಟ್ಟಲ್ಲ. ಅವಳು ಬರೋ ದಿನ ಈ ಪಾತ್ರೆ ಬೆಳಗಿ, ಹೊಸದಾಗಿ ಸಾರು ಇಡ್ತೀನಿ' ಅಂತ ನಿಮ್ಮ ತಮ್ಮ ಯಾವಾಗ್ಲೂ ಹೇಳೋರು. ಅವರ ಮಾತು ನಡೆಸಿಕೊಟ್ವಿ."

"ಹಳೇದು?"

"ಎಲ್ಲಾ ಚೆಲ್ಲಿದ್ವಿ. ಒಂದು ತೊಟ್ಟೂ ಉಳಿಸಿಲ್ಲ, ನೀವು ಅನುಮಾನ ಪಡಬೇಡಿ."

ಯಾರನ್ನು ಬೈಯಲಿ? ಪಾತ್ರೆ ಉಜ್ಜಿ ಅವಳ ಬೆರಳು ಇನ್ನೂ ಕೆಂಪಗಿದ್ದವು. ಅವಳು ಕೊಟ್ಟ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಳ ಕಾಣುವವರೆಗೆ ಕುಡಿದೆ. ಉಪ್ಪು ಸ್ವಲ್ಪ ಕಡಿಮೆಯಿತ್ತು.

"ಹೇಗಿದೆ ಅಕ್ಕ?"

"ಚೆನ್ನಾಗಿದೆ" ಎಂದೆ. ಈ ಒಂದು ಮಾತನ್ನು ಅವನಿಗೆ ಒಂದು ದಿನವೂ ಹೇಳಿರಲಿಲ್ಲ.