ಗೇರಿನಲ್ಲಿ ನಿಲ್ಲಿಸಿದ ಕಾರು

ಬಲಗೈ ಮುಗಿಸಿ ಜಾಕಣ್ಣ ಎಡಗೈಗೆ ಬಂದ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹೆಣದ ಒಂದೊಂದೇ ಬೆರಳು ಒರೆಸಿ, ಉಗುರಿನ ಸಂದಿಯ ಗ್ರೀಸನ್ನು ಬೆಂಕಿಕಡ್ಡಿಯಿಂದ ಕೆರೆಯುತ್ತಿದ್ದ. ಒಂದು ಆಯುಷ್ಯದ ಗ್ರೀಸು, ಬಾ ಎಂದರೆ ಬಂದೀತೇ? ಭಾವನ ಕೈ ಇಷ್ಟು ಹೊತ್ತು ಸುಮ್ಮನೆ ತನ್ನ ಕೈಯೊಳಗೆ ಇದ್ದದ್ದು ಇದೇ ಮೊದಲು.

"ಸಾಕು ಬಿಡೋ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. "ಮದುವೆ ದಿನಾನೂ ಆ ಉಗುರು ಬೆಳ್ಳಗಿರ್ಲಿಲ್ಲ. ಈಗ ಬೆಳ್ಳಗೆ ಮಾಡಿದ್ರೆ ನನಗೇ ಗುರುತು ಸಿಗಲ್ಲ."

"ಪುಟ್ಟಿ ಎಲ್ಲಿ?"

"ಗ್ಯಾರೇಜಲ್ಲಿ. ಎದ್ದವಳೇ ಹೋಗಿ ಆ ಕಾರಿನ ಬ್ಯಾಟರಿಗಳನ್ನೆಲ್ಲ ಬಿಚ್ಚಿ ಹಾಕ್ತಿದಾಳೆ. ಮಾತಾಡ್ಸಿದ್ರೆ ಒಂದೇ ರಾಗ. ಅಪ್ಪನ್ನ ನಾನೇ ಕೊಂದೆ, ನನ್ನ ವೈರಿಂಗೇ ಕೊಂದಿದ್ದು ಅಂತ." ಅಕ್ಕ ದನಿ ತಗ್ಗಿಸಿದಳು. "ನೀನು ಹೇಳು ಕಣೋ. ನಿನ್ನ ಮಾತಾದ್ರೆ ಕೇಳ್ತಾಳೆ. ಗಂಡ ಅಂತೂ ಹೋದ. ಅವಳನ್ನೂ ಕಳ್ಕೊಳೋದು ನನ್ನ ಕೈಲಾಗಲ್ಲ."

ಜಾಕಣ್ಣನ ಕೈಯಲ್ಲಿದ್ದ ಕಡ್ಡಿ ಮುರಿಯಿತು. ಭಾವ ಮೇಸ್ತ್ರಿಯನ್ನು ಕೊಂದದ್ದು ವೈರಿಂಗ್ ಅಲ್ಲ. ಅದು ಈ ಲೋಕದಲ್ಲಿ ಅವನೊಬ್ಬನಿಗೇ ಗೊತ್ತು.

"ಹೇಳ್ತೀನಿ," ಎಂದ.

* * *

ಭಾವ, ಭಾವಮೈದ ಇಬ್ಬರೂ ಒಬ್ಬನೇ ಗುರುವಿನ ಬಳಿ ಸ್ಪ್ಯಾನರ್ ಹಿಡಿಯಲು ಕಲಿತವರು. ಆ ಗ್ಯಾರೇಜು ಇಳಿಜಾರಿನಲ್ಲಿತ್ತು. ಹಳೇ ಕಾರಿನ ಹ್ಯಾಂಡ್‌ಬ್ರೇಕ್ ನಂಬುವುದೂ ಒಂದೇ, ಕುಡುಕನ ಆಣೆ ನಂಬುವುದೂ ಒಂದೇ. ಅದಕ್ಕೇ ಕಾರು ನಿಲ್ಲಿಸಿದವನು ಒಂದನೇ ಗೇರಿಗೆ ಹಾಕಿಯೇ ಇಳಿಯಬೇಕು ಎಂಬುದು ಗುರುವಿನ ಕಟ್ಟಪ್ಪಣೆ. ಮರೆತವನ ಬೆನ್ನಿಗೆ ಫ್ಯಾನ್‌ಬೆಲ್ಟಿನ ಏಟು. ಇಂಜಿನ್ ನಿಂತ ಕಾರು ಗೇರಿನಲ್ಲಿದ್ದರೆ ಗೂಟಕ್ಕೆ ಕಟ್ಟಿದ ದನದಂತೆ, ಎಲ್ಲಿಗೂ ಹೋಗದು. ಗುರು ಸತ್ತು ಎಷ್ಟೋ ವರ್ಷವಾದರೂ ಜಾಕಣ್ಣನ ಎಡಗೈ ಆ ಏಟನ್ನು ಮರೆತಿರಲಿಲ್ಲ.

ಜಾಕಣ್ಣ ಎಂಬ ಹೆಸರು ಮೇಸ್ತ್ರಿಯೇ ಇಟ್ಟದ್ದು. ಯಾರ ಭಾರವಿದ್ದರೂ ತಾನು ಅಡಿಗೆ ಹೋಗಿ ಎತ್ತುವ ಜಾಕು ಇವನು ಎಂದು. ಮನೆಯಲ್ಲಿ ಲೋಟ ಒಡೆದರೆ "ನಾನೇ" ಎನ್ನುವವನು. ಪುಟ್ಟಿ ಚಿಕ್ಕವಳಿದ್ದಾಗ ಗಿರಾಕಿಯೊಬ್ಬನ ಕಾರಿನ ಹೊಸ ಬಣ್ಣದ ಮೇಲೆ ಮೊಳೆಯಿಂದ ಬೆಕ್ಕು ಬರೆದಿದ್ದಳು. ಆಗಲೂ ಜಾಕಣ್ಣ ಮುಂದೆ ಬಂದು "ನಾನೇ" ಎಂದಿದ್ದ. ಮೀಸೆ ಹೊತ್ತ ಗಂಡಸು ಬೆಕ್ಕು ಬರೆಯುತ್ತಾನೆಯೇ! "ತಪ್ಪು ಯಾರದ್ದಾದ್ರೂ ಆಗ್ಲಿ, ಜಾಕಣ್ಣನ ತಲೆಗೆ ಕಟ್ಟು" ಎನ್ನುವುದು ಮನೆಯ ಗಾದೆಯಾಯಿತು.

ಮೇಸ್ತ್ರಿಗೆ ಕಿವಿಯೇ ಬಂಡವಾಳ. ಉದ್ದದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದನೆಂದರೆ ಕಾಯಿಲೆ ಹೇಳುತ್ತಿದ್ದ. ಹೊಗೆಯ ಕಾರುಗಳನ್ನು ಊರೊಳಗೆ ಬಿಡುವುದಿಲ್ಲ ಎಂಬ ಕಾನೂನು ಬಂದಾಗ ಕೇಳಲು ಏನೂ ಉಳಿಯಲಿಲ್ಲ. ಗ್ಯಾರೇಜಿನಲ್ಲಿ ನೊಣ ಹೊಡೆಯುತ್ತ ಕೂತ ಅಪ್ಪನ ಮುಂದೆ, ಮೋಟರುಗಳ ಓದು ಮುಗಿಸಿ ಬಂದ ಮಗಳು ನಿಂತಳು. ಹಳೇ ಕಾರಿನ ಇಂಜಿನ್ ಕಿತ್ತು ಬ್ಯಾಟರಿ, ಮೋಟರು ಕೂರಿಸೋಣ, ಅಂದಚಂದ ಹಾಗೇ ಇರಲಿ, ಹೊಗೆ ಮಾತ್ರ ಬೇಡ ಎಂದಳು. ಅದನ್ನು ತೋರಿಸಲು ಟಿವಿಯವರನ್ನೂ ಅವಳೇ ಕರೆತಂದಳು.

ಮೊದಲ ಇಂಜಿನ್ ಕಿತ್ತ ದಿನ ಮೇಸ್ತ್ರಿ ಊಟ ಮಾಡಲಿಲ್ಲ. ಕಿತ್ತ ಯಾವ ಇಂಜಿನ್ನನ್ನೂ ಗುಜರಿಗೆ ಕೊಡಲಿಲ್ಲ, ಟಾರ್ಪಾಲು ಹೊದಿಸಿ ಹಿತ್ತಲಲ್ಲಿ ಸಾಲಾಗಿ ಮಲಗಿಸಿದ. ಬಟ್ಟೆ ಒಣಹಾಕಲು ಜಾಗವಿಲ್ಲವೆಂದು ಅಕ್ಕ ಸಿಡುಕುತ್ತಿದ್ದಳು. ಆದರೂ ಆ ಕಾರ್ಯಕ್ರಮದ ಕಾಲದಲ್ಲಿ ಅವನು ಸುಖವಾಗಿದ್ದ, ಅದರಲ್ಲಿ ಸುಳ್ಳಿಲ್ಲ. "ಮಗಳ ಜೊತೆ ಜಗಳ ಆಡೋಕೆ ಟಿವಿಯವರು ಕರೆದು ಕೂರಿಸ್ತಾರೆ ಕಣೋ, ಇದಕ್ಕಿಂತ ಭಾಗ್ಯ ಬೇಕಾ?" ಎಂದು ನಗುತ್ತಿದ್ದ.

* * *

ಶವದ ಪೆಟ್ಟಿಗೆ ಹೊತ್ತ ವ್ಯಾನು, ಅದಕ್ಕೊಂದಕ್ಕೆ ಕಾನೂನಿನ ವಿನಾಯಿತಿ, ಮನೆಯ ಮುಂದೆ ಕರ್ರಗೆ ಹೊಗೆ ಕಾರುತ್ತ ನಿಂತಿತ್ತು.

"ಇಂಜಿನ್ನಿನ ನಾಝಲ್ ಹೋಗಿದೆ," ಎಂದ ಟೈರಿನಂಗಡಿಯವನು.

"ಮೆಲ್ಲಗೆ ಹೇಳು. ಕೇಳಿಸ್ಕೊಂಡ್ರೆ ಮೇಸ್ತ್ರಿ ಎದ್ದು ಬಂದು ಬಾನೆಟ್ ಎತ್ತಿಯಾನು," ಎಂದ ಪೇಂಟರು. ಇಬ್ಬರೂ ನಕ್ಕರು, ನಕ್ಕದ್ದಕ್ಕೆ ನಾಚಿ ನೆಲ ನೋಡಿದರು.

"ಪಾಪ, ಆ ಹುಡುಗಿ. ಕರೆಂಟು ತಾನಾಗೇ ನುಗ್ಗಿ ಕಾರು ಓಡಿತಂತೆ."

"ಎಷ್ಟು ಓದಿದ್ರೇನು, ಕಣ್ಣಿಗೆ ಕಾಣದ್ದನ್ನ ನಂಬೋದು ಹೇಗೆ?"

ಜಾಕಣ್ಣ ಅಲ್ಲಿಂದ ಗೇಟಿನ ಕಡೆ ನಡೆದ. ಟಿವಿ ಕಾರ್ಯಕ್ರಮದ ನಿರೂಪಕ ಅಲ್ಲಿ ಒಬ್ಬನೇ ನಿಂತಿದ್ದ. ಅತ್ತು ಅತ್ತು ಅವನ ಮುಖ ಬಾತಿತ್ತು. ಅದು ನಾಟಕವಾಗಿರಲಿಲ್ಲ, ಪೆಡಲ್ ಒತ್ತಿದ ಕಾಲು ಅವನದೇ ತಾನೇ.

"ಸ್ವಾಮಿ, ಒಂದು ಮಾತು. ಒತ್ತೋ ಮುಂಚೆ ಗೇರ್ ರಾಡು ಎಲ್ಲಿತ್ತು, ನೋಡಿದ್ರಾ?"

"ನ್ಯೂಟ್ರಲ್‌ನಲ್ಲಿತ್ತು," ಎಂದ ನಿರೂಪಕ, ಪ್ರಶ್ನೆ ಮುಗಿಯುವ ಮೊದಲೇ. "ವಿಚಾರಣೆಗೆ ಬಂದವರಿಗೂ ಹೇಳಿದೀನಿ. ನೋಡದೆ ಯಾರಾದ್ರೂ ಒತ್ತುತ್ತಾರಾ?"

ಅವನು ನೋಡಿರಲಿಲ್ಲ. ನೋಡಿದ್ದೆ ಎಂದು ಹೇಳಿ ಹೇಳಿ ಈಗ ಅವನೇ ಅದನ್ನು ನಂಬಿಬಿಟ್ಟಿದ್ದ. ಜಾಕಣ್ಣ ಅವನ ಕಣ್ಣನ್ನೇ ನೋಡಿದ. ಅಲ್ಲಿ ಸುಳ್ಳಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು, ತನ್ನಲ್ಲಿ ಇದ್ದಂಥದ್ದೇ.

* * *

ಮೊನ್ನೆ ಮುಗಿಯಬೇಕಿದ್ದದ್ದು ಆಕಾಶಬಣ್ಣದ ಒಂದು ಮುದಿ ಕಾರು. ಅದರ ಗೇರ್‌ಬಾಕ್ಸ್ ತೆಗೆದಾಗಿತ್ತು. ಹಳೇ ಗೇರ್ ರಾಡು ಮಾತ್ರ ಇರಲಿ, ಅದಿಲ್ಲದಿದ್ದರೆ ಕಾರು ಬೋಳಾಗುತ್ತದೆ ಎಂದು ಮೇಸ್ತ್ರಿ ಹಟ ಹಿಡಿದಿದ್ದ. ಪುಟ್ಟಿ ಅದರ ಬುಡದಲ್ಲಿ ಸ್ವಿಚ್ಚು ಕೂರಿಸಿದಳು. ರಾಡು ಒಂದನೇ ಗೇರಿನಲ್ಲಿದ್ದರೆ ಮುಂದಕ್ಕೆ, ನಡುವೆ, ಅಂದರೆ ನ್ಯೂಟ್ರಲ್‌ನಲ್ಲಿ, ಇದ್ದರೆ ಏನೂ ಇಲ್ಲ. "ಮಾವಾ, ಇದನ್ನ ಯಾವಾಗ್ಲೂ ನಡುವೆ ಬಿಟ್ಟೇ ಇಳೀಬೇಕು. ಸದ್ದಿಲ್ಲ ಅಂದ್ರೆ ಸತ್ತಿದೆ ಅಂತ ಅಲ್ಲ," ಎಂದು ಅವಳು ಹೇಳಿದ್ದು ಒಂದು ಸಲವಲ್ಲ.

ಕಾರನ್ನು ಕ್ಯಾಮೆರಾ ಮುಂದೆ ತಂದು ನಿಲ್ಲಿಸಿದವನು ಜಾಕಣ್ಣ. ಡ್ಯಾಶ್‌ಬೋರ್ಡಿನ ದೀಪ ಉರಿಯುತ್ತಿರಲಿ, ಕೀಲಿ ತೆಗೆಯಬೇಡಿ ಎಂದರು ಟಿವಿಯವರು. ತೆಗೆಯಲಿಲ್ಲ. ಕಾರು ನಿಂತಿತು, ಸದ್ದಿಲ್ಲ. ಅವನ ಎಡಗೈ ಅವನನ್ನು ಕೇಳದೆಯೇ ರಾಡನ್ನು ಒಂದನೇ ಗೇರಿಗೆ ತಳ್ಳಿತು. ಇಳಿದು ಬಾಗಿಲು ಹಾಕಿದ.

ಮೇಸ್ತ್ರಿಯನ್ನು ಕಬ್ಬಿಣದ ಕೆಲಸದ ಮೇಜಿಗೂ ಕಾರಿಗೂ ನಡುವೆ ನಿಲ್ಲಿಸಿದರು. ಸ್ಕ್ರೂಡ್ರೈವರ್ ಕಿವಿಗಿಟ್ಟು ಬಾನೆಟ್ಟಿನ ಮೇಲೆ ಬಾಗಿ "ಏನೂ ಕೇಳಿಸ್ತಿಲ್ಲ, ರೋಗಿ ಹೋಗ್ಬಿಟ್ಟ" ಎನ್ನಬೇಕಿತ್ತು, ಅದು ಜನ ಇಷ್ಟಪಡುವ ತಮಾಷೆ. ನಿರೂಪಕ ಒಳಗೆ ಕೂತು, ನೋಡಿ ಎಷ್ಟು ನಿಶ್ಶಬ್ದ ಎಂದು ತೋರಿಸಲು ಪೆಡಲ್ ಒತ್ತಿದ. ಕಾರು ಸದ್ದಿಲ್ಲದೆ ಮುಂದೆ ನುಗ್ಗಿ ಮೇಸ್ತ್ರಿಯನ್ನು ಮೇಜಿಗೆ ಅಪ್ಪಳಿಸಿತು.

ಮೊದಲು ಓಡಿದವನೂ ಜಾಕಣ್ಣನೇ. ಕಾರನ್ನು ಹಿಂದಕ್ಕೆ ನೂಕಬೇಕಿತ್ತು, ಅದಕ್ಕೆ ಕಿಟಕಿಯಿಂದ ಕೈ ಹಾಕಿ ರಾಡನ್ನು ನಡುವಿಗೆ ಎಳೆದ. ಪುಟ್ಟಿ ಬಂದು ನೋಡಿದಾಗ ರಾಡು ನಡುವಿನಲ್ಲಿತ್ತು. ನಡುವಿನಲ್ಲಿದ್ದೂ ಕಾರು ಮುಂದೆ ನುಗ್ಗಿತೆಂದರೆ ತಪ್ಪು ತಾನು ಕೂರಿಸಿದ ಸ್ವಿಚ್ಚಿನದೇ ಅಲ್ಲವೇ? ಅವಳು ಅಲ್ಲೇ ಕುಸಿದು ಕೂತಳು. ಜಾಕಣ್ಣ ಬಾಯಿ ತೆರೆದ. ಮಾತು ಬರಲಿಲ್ಲ. ಆಗ ಬಾರದ ಮಾತು ಆಮೇಲೆ ಗಳಿಗೆಗಳಿಗೆಗೂ ಭಾರವಾಯಿತು.

* * *

ಪೆಟ್ಟಿಗೆ ಗುಂಡಿಗೆ ಇಳಿದ ಮೇಲೆ ಪುಟ್ಟಿ ಬಂದಳು. ಗ್ಯಾರೇಜಿನ ಕೋಟಿನಲ್ಲೇ ಬಂದಿದ್ದಳು. ಬ್ಯಾಟರಿ ಬಿಚ್ಚುವಾಗ ತೊಡುವ ದಪ್ಪ ರಬ್ಬರಿನ ಗ್ಲೌಸು ಇನ್ನೂ ಕೈಯಲ್ಲೇ ಇತ್ತು. ಮಣ್ಣು ಹಾಕಲು ಬಗ್ಗಿದವರು ಅವಳಿಗೆ ದಾರಿ ಬಿಟ್ಟರು.

"ನಿಲ್ಲಿ," ಎಂದ ಜಾಕಣ್ಣ. ದನಿ ಅವನಿಗೇ ಅಪರಿಚಿತವಾಗಿತ್ತು. "ಎಲ್ಲರೂ ಕೇಳಿ. ಕಾರು ಗೇರಲ್ಲಿತ್ತು. ಗೇರಲ್ಲಿ ಬಿಟ್ಟವನು ನಾನು. ಆಮೇಲೆ ನಡುವಿಗೆ ಎಳೆದವನೂ ನಾನೇ. ಪುಟ್ಟಿ ತಪ್ಪು ಏನೂ ಇಲ್ಲ. ಭಾವನ್ನ ಕೊಂದಿದ್ದು ನಾನು."

ಟೈರಿನಂಗಡಿಯವನು ಕಣ್ಣೊರೆಸಿಕೊಂಡ. "ಅಯ್ಯೋ ಜಾಕಣ್ಣ, ಇವತ್ತೂ ಬಿಡ್ಲಿಲ್ವಲ್ಲ ನೀನು."

"ಇಲ್ಲ, ನಿಜ ಹೇಳ್ತಿದೀನಿ! ಸ್ವಾಮಿ, ನೀವಾದ್ರೂ ಹೇಳಿ, ನೀವು ನೋಡಿರ್ಲಿಲ್ಲ ಅಲ್ವಾ?"

ನಿರೂಪಕನ ಮುಖ ಬಿಳಿಚಿತು. "ನ್ಯೂಟ್ರಲ್‌ನಲ್ಲಿತ್ತು. ನಾನೇ ನೋಡಿದೀನಿ," ಎಂದು, ಇನ್ನೂ ಮೆತ್ತಗೆ ಸೇರಿಸಿದ, "ಅವರ ಮನಸ್ಸು ದೊಡ್ಡದು."

"ಅಕ್ಕಾ, ನೀನಾದ್ರೂ ನಂಬೇ!"

ಅಕ್ಕ ಹತ್ತಿರ ಬಂದು ಅವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಎರಡು ದಿನದಿಂದ ಬಾರದ ಅಳು ಈಗ ಬಂತು. "ಹೇಳು ಅಂದಿದ್ದು ಸಮಾಧಾನ ಹೇಳು ಅಂತ ಕಣೋ. ಹೀಗೆ ನಿನ್ನ ಮೇಲೆ ಹಾಕ್ಕೋ ಅಂತ ಅಲ್ಲ."

ಪುಟ್ಟಿ ಮಾವನ ಮುಖ ನೋಡಿದಳು. ಬೆಕ್ಕು ಬರೆದ ದಿನ ನೋಡಿದ್ದಂತೆಯೇ ನೋಡಿದಳು, ಅಷ್ಟೇ ಪ್ರೀತಿಯಿಂದ. ಅದನ್ನು ಅವನು ತಾಳಲಾರದೆ ಹೋದ.

"ಸಾಕು ಮಾವಾ," ಎಂದಳು. "ಇದು ನಂದು. ಇದನ್ನ ನಿನಗೆ ಕೊಡಲ್ಲ."

ಗ್ಲೌಸು ಕಳಚಿದಳು. ಒಂದರ ಮೇಲೊಂದಿಟ್ಟು ಗುಂಡಿಯೊಳಗೆ ಬಿಟ್ಟಳು. "ಇನ್ನು ಮುಟ್ಟಲ್ಲ ಅಪ್ಪಾ, ಯಾವ ವೈರನ್ನೂ," ಎಂದಳು. ಮೊದಲ ಹಿಡಿ ಮಣ್ಣು ಅವಳೇ ಹಾಕಿದಳು. ಹಿಂದೆಯೇ ಗುದ್ದಲಿಗಳು ಶುರುವಾದವು.

ಜಾಕಣ್ಣ ಗುಂಡಿಗೆ ಹಾರಿದ. ಹೆಂಗಸರು ಚೀರಿದರು. ಮುದುಕನಿಗೆ ದುಃಖ ತಲೆಗೇರಿದೆ, ಹಿಡೀರಿ, ಹಿಡೀರಿ ಎಂದರು. ಪೆಟ್ಟಿಗೆಯ ಮೇಲೆ ಮಂಡಿಯೂರಿ ಮಣ್ಣು ಬಾಚಿ ಬಾಚಿ ಎರಡೂ ಗ್ಲೌಸು ಹುಡುಕಿ ತೆಗೆದ, ಅಂಗಿಯಿಂದ ಒರೆಸಿದ, ಎದ್ದು ನಿಂತು ಕೈ ಆದಷ್ಟೂ ಮೇಲಕ್ಕೆ ಚಾಚಿದ. "ಪುಟ್ಟಿ, ತಗೊಳ್ಳೇ. ತಗೊಳ್ಳೇ ಪುಟ್ಟಿ."

ಮೇಲಿನಿಂದ ಎಷ್ಟೋ ಕೈಗಳು ಬಂದವು. ಅವನ ಮಣಿಕಟ್ಟು ಹಿಡಿದವು, ತೋಳು ಹಿಡಿದವು, ಕಂಕುಳಿಗೆ ಇಳಿದವು. ಗ್ಲೌಸಿಗೆ ಯಾವ ಕೈಯೂ ಬರಲಿಲ್ಲ.