ಅಂದಾನೆಪ್ಪಗ ಆತು, ಗುರುಗಳಿಗೆ ಇನ್ನೂ ಇಲ್ಲ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬ ವಿಷಯದಲ್ಲಿ ನನಗೂ ಕೃಷ್ಣಾಜಿಯವರಿಗೂ ಇನ್ನೂ ಒಮ್ಮತ ಬಂದಿಲ್ಲ. ಕೃಷ್ಣಾಜಿ ಅಂದರೆ ಬೈಲಹೊಂಗಲದಲ್ಲಿ ಹಗಲು ಝೆರಾಕ್ಸ್ ಅಂಗಡಿ ನಡೆಸಿ, ಸಂಜೆ ಮನೆಯ ಪಡಸಾಲೆಯಲ್ಲಿ ಬಂದವರಿಗೆಲ್ಲ ವೇದಾಂತ ಹೇಳುವವರು. ಅಜ್ಜ ಘನಪಾಠಿ, ಅಪ್ಪ ಪುರಾಣಿಕ, ಇವರ ಪಾಲಿಗೆ ಝೆರಾಕ್ಸ್. "ಅನಾದಿಕಾಲದಿಂದ ಅಂತ ಶುರು ಮಾಡ್ರಿ" ಎಂಬುದು ಅವರ ಸಲಹೆ. ಅನಾದಿಯಿಂದ ಹೊರಟರೆ ಮುಟ್ಟುವುದು ಯಾವಾಗ ಸ್ವಾಮಿ? ಓದುಗರಿಗೂ ಮನೆ-ಮಠ ಇರುತ್ತದೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಕೃಷ್ಣಾಜಿಯವರ ಶಿಷ್ಯ ಅಂದಾನೆಪ್ಪನಿಗೆ ಜ್ಞಾನೋದಯವಾಗಿದೆ. ಕೃಷ್ಣಾಜಿಯವರಿಗೆ ಆಗಿಲ್ಲ.

(ಇಷ್ಟು ಬರೆದ ಕೂಡಲೇ ಅವರು, "ಎರಡನೇ ವಾಕ್ಯ ಬೇಕಿತ್ತೇನ್ರಿ?" ಎಂದರು. ಬೇಕಿತ್ತು. ಕಥೆ ಇರುವುದೇ ಅದರಲ್ಲಿ.)

೨

ಮೊದಲ ಡ್ರಾಫ್ಟ್ ಹೀಗಿತ್ತು: 'ಎಲ್ಲಮ್ಮನ ಗುಡ್ಡದ ನೆತ್ತಿಯ ಮೇಲೆ ಶೇಂಗಾ ವ್ಯಾಪಾರಿ ಅಂದಾನೆಪ್ಪ ಕಣ್ಣುಮುಚ್ಚಿ ನಿಂತಿದ್ದ. ಪೂರ್ವ ದಿಕ್ಕು ಕೆಂಪಾಯಿತು. ಅವನ ಅಂತರಂಗದಲ್ಲೂ...'

"ಏ, ನಿಂದರ್ರಿ ನಿಂದರ್ರಿ," ಎಂದ ಅಂದಾನೆಪ್ಪ. "ನಾ ಅವತ್ತ ಗುಡ್ಡಾನ ಹತ್ತಿಲ್ಲ. ಮನ್ಯಾನವರು ದರ್ಶನಕ್ಕ ಹೋಗಿದ್ರು. ನಾ ಗುಡ್ಡದ ಕೆಳಗ ಉಗರಗೋಳದಾಗ ಕಾಯಿ ಕರ್ಪೂರದ ಅಂಗಡಿ ಮುಂದ ಎಲ್ಲಾರ ಚೀಲಾ ಕಾಯಕೋತ ಕುಂತಿದ್ದೆ. ಗುರುಗಳು ಹೇಳಿದ್ದ ಒಂದ್ ಮಾತು ನೆನಪಾತು. ಆತ್ರಿ."

"ಏನಾಯಿತು?"

"ಆತು."

"ಅಂದರೆ, ಬೆಳಕು ಗಿಳಕು ಏನಾದರೂ ಕಂಡಿತೆ?"

"ಬೆಳಕು ಮೊದಲ ಇತ್ತಲ್ರಿ. ಮಟಮಟ ಮಧ್ಯಾಹ್ನ ಅದು."

ಡ್ರಾಫ್ಟ್ ಹರಿದೆ. ಸೂರ್ಯೋದಯ ಚೆನ್ನಾಗಿ ಬಂದಿತ್ತು, ಹೊಟ್ಟೆ ಉರಿಯಿತು.

೩

ನಿಮಗೆ ಅನುಮಾನ ಬಂದಿದೆ, ಗೊತ್ತು. ಇವ ಯಾರೋ ಡೋಂಗಿ, ಕೊನೆಗೆ ಬಣ್ಣ ಬಯಲಾಗುತ್ತದೆ ಅಂದುಕೊಂಡಿದ್ದೀರಿ. ನಾನೂ ಹಾಗೇ ಅಂದುಕೊಂಡು ಅಂದಾನೆಪ್ಪನ ಹೆಂಡತಿ ರಾಚವ್ವನನ್ನು ಸಾಕ್ಷಿಗೆ ಕರೆದೆ.

"ಮೊದಲ ಹೆಂಗಿದ್ರಂದ್ರ," ಎಂದಳು ರಾಚವ್ವ, "ಅಂಗಡಿ ಕೀಲಿ ಹಾಕಿ, ಜಗ್ಗಿ ನೋಡಿ, ಮನಿ ತನಕ ಬಂದು, ಮತ್ತ ಹೊಳ್ಳಿ ಹೋಗಿ ಜಗ್ಗಿ ನೋಡತಿದ್ರು. ಈಗ ಕೀಲಿ ಹಾಕೂದ ಮರತು ಬಂದು ಸೊಂಪಾಗಿ ಮಲಕೋತಾರ. ಜಗ್ಗಿ ನೋಡಾಕ ಈಗ ನಾ ಹೊಂಟೇನ್ರಿ!"

ಇದಕ್ಕಿಂತ ದೊಡ್ಡ ಪುರಾವೆ ಯಾವ ಉಪನಿಷತ್ತಿನಲ್ಲೂ ಸಿಗಲಿಕ್ಕಿಲ್ಲ. ಮನೆಯ ಚಿಂತೆ ಒಬ್ಬರ ತಲೆಯಿಂದ ಇಳಿದು ಇನ್ನೊಬ್ಬರ ತಲೆಗೆ ಹತ್ತಿದೆ. ಸುದ್ದಿ ಕಿತ್ತೂರು, ಸವದತ್ತಿ, ರಾಮದುರ್ಗದ ತನಕ ಹಬ್ಬಿತು. ಆದರೆ ಜನ ಅಂದಾನೆಪ್ಪನ ಅಂಗಡಿಗೆ ಹೋಗಲಿಲ್ಲ. ಗುರುಗಳ ಪಡಸಾಲೆಗೆ ಬಂದರು. ರಿಸಲ್ಟ್ ಬಂದ ಮೇಲೆ ಟ್ಯೂಷನ್ನಿಗೆ ನೂಕುನುಗ್ಗಲು ಆಗುವಂತೆ. ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರೊಂದರ ಹಿಂದೆ 'ಶ್ರೀ ಗುರು ಕೃಷ್ಣಾಜಿ ಪ್ರಸನ್ನ' ಎಂದು ಬಣ್ಣ ಬಿತ್ತು. ಇನ್ನು ಅದನ್ನು ಅಳಿಸುವವರು ಯಾರು?

ರಾಮದುರ್ಗದ ಬಸಲಿಂಗಪ್ಪ ಎಂಬವನು ಕೈಮುಗಿದು ಹೇಳಿದ: "ಬ್ರಹ್ಮ, ಮಾಯೆ ಎಲ್ಲಾ ಇರ್ಲಿ ಬಿಡ್ರಿ. ಅಂದಾನೆಪ್ಪಗ ಹೇಳಿದ್ರಲ್ಲ, ಆ ಒಂದ್ ಮಾತಷ್ಟ ಹೇಳ್ರಿ. ನನಗ ಬಸ್ಸಿಗೆ ಹೊತ್ತಾಕ್ಕೈತಿ."

ಕೃಷ್ಣಾಜಿ ಮುಗುಳ್ನಕ್ಕರು. ಗೊತ್ತಿಲ್ಲದವನ ಮೌನಕ್ಕೂ ಮಹಾಜ್ಞಾನಿಯ ಮೌನಕ್ಕೂ ಹೊರಗಿನಿಂದ ಏನೇನೂ ಫರಕಿಲ್ಲ. ಬಸಲಿಂಗಪ್ಪ ಕಣ್ಣೊರೆಸಿಕೊಂಡು ಬಸ್ಸಿಗೆ ಹೋದ.

೪

ಹೌದು, ಅದೇ. ಯಾವ ಮಾತು ಎಂದು ಕೃಷ್ಣಾಜಿಯವರಿಗೇ ಗೊತ್ತಿಲ್ಲ.

ಇಷ್ಟು ವರ್ಷ ಆಡಿದ ಮಾತಿಗೆ ಲೆಕ್ಕವುಂಟೆ? ಹಗ್ಗ-ಹಾವಿನ ದೃಷ್ಟಾಂತ ಹೇಳಿದ್ದರು. ಕರೆಂಟು ಹೋದಾಗ, "ಮೆಟ್ಟಲ ನೋಡಿ ಇಳೀರಿ" ಎಂದೂ ಹೇಳಿದ್ದರು. ಯಾವುದು ತಾಗಿತು? ತಮ್ಮ ಬಾಯಿಂದಲೇ ಹೊರಟ ಮಾತು ಒಬ್ಬನನ್ನು ದಡ ಮುಟ್ಟಿಸಿದೆ, ಅದನ್ನು ತಾವೊಮ್ಮೆ ಕೇಳಿಸಿಕೊಂಡರೆ ತಮಗೂ ಆದೀತಲ್ಲ ಎಂಬ ಆಸೆ ಅವರನ್ನು ಕೂತಲ್ಲಿ ಕೂರಗೊಡಲಿಲ್ಲ. ಮುಂಜಿಯಾದಾಗಿನಿಂದ ಅವರು ಬಯಸಿದ್ದು ಅದೊಂದನ್ನೇ. ಹೊಟ್ಟೆಕಿಚ್ಚೂ ಆಗಿತ್ತು, ಮುಚ್ಚುಮರೆ ಯಾಕೆ? ದೀಪದ ಬುಡದ ಕತ್ತಲಲ್ಲಿ ಕೂತು ಊರಿಗೆಲ್ಲ ಬೆಳಕು ತೋರಿಸಿದೆನಲ್ಲ ಎಂದು ಒಮ್ಮೆ ಝೆರಾಕ್ಸ್ ಮಶೀನಿನ ಹಿಂದೆ ನಿಂತು ಅತ್ತೂಬಿಟ್ಟರು.

"ಅಂದಾನೆಪ್ಪನ್ನ ಕೇಳಿಬಿಡ್ರಲ್ಲ," ಎಂದರು ಅವರ ಹೆಂಡತಿ ಸುಂದರಾಬಾಯಿ.

"ಗುರು ಆದಾಂವ ಶಿಷ್ಯನ್ನ ಕೇಳೋದ?"

"ಅಹಂಕಾರ ಬಿಡ್ರಿ ಅಂತ ಊರ ಮಂದಿಗೆಲ್ಲಾ ಹೇಳ್ತೀರಿ. ಪುರಾಣ ಹೇಳ್ಲಿಕ್ಕೆ, ಬದನಿಕಾಯಿ ತಿನ್ಲಿಕ್ಕೆ!"

೫

ಕೃಷ್ಣಾಜಿ ಅಡ್ಡದಾರಿ ಹಿಡಿದರು. ಸಂಜೆ ತುಂಬಿದ ಪಡಸಾಲೆಯಲ್ಲಿ ಕೆಮ್ಮಿ, "ಅಂದಾನೆಪ್ಪ, ನಾ ನಿನಗ ಹೇಳಿದ್ನಲ್ಲ, ಆ ಮಾತು ಇವರಿಗೆಲ್ಲಾ ನೀನಽ ನಿನ್ನ ಬಾಯಿಲೆ ಹೇಳಿಬಿಡು ಇವತ್ತ," ಎಂದರು.

ಅಂದಾನೆಪ್ಪ ಕಿವಿ ಹಿಡಿದುಕೊಂಡ. "ನಿಮ್ಮ ಮುಂದ ನಾ ಹೇಳೂದ್ರಿ? ಛೇ ಛೇ!"

"ಎಂಥಾ ಶಿಷ್ಯ!" ಎಂದು ಮಂದಿ ಉದ್ಗರಿಸಿತು. "ಎಂಥಾ ಗುರು!" ಎಂದು ಇನ್ನೊಂದು ಮೂಲೆ. ಕೃಷ್ಣಾಜಿ ಹಲ್ಲು ಕಚ್ಚಿಕೊಂಡು ಆಶೀರ್ವಾದ ಮಾಡಿದರು.

೬

ಈಗ ಅಂತ್ಯ ಬೇಕು. ಎರಡು ರೆಡಿ ಇವೆ.

ಅಂತ್ಯ ಒಂದು: ಆ ಮಾತು ಗುರುಗಳದ್ದೇ ಅಲ್ಲ. ಒಳಗಿನಿಂದ ಸುಂದರಾಬಾಯಿ ಅಡಿಗೆ ಮಾಡುತ್ತ ಸಹಜವಾಗಿ ಆಡಿದ್ದು. ಓದುಗರು ಅಹಾ ಎನ್ನುತ್ತಾರೆ.

"ನನ್ನ ಹೆಸರು ತಗೀಬ್ಯಾಡ್ರಿ," ಎಂದು ಒಳಗಿನಿಂದಲೇ ಕೂಗಿದರು ಸುಂದರಾಬಾಯಿ. "ಕಥಿ ಎಲ್ಲೆ ಸಿಕ್ಕೊಂಡ್ರೂ ಅಡಗಿಮನ್ಯಾಗಿಂದ ಒಬ್ಬಾಕಿನ್ನ ಹೊರಗ ಕರದು ಜ್ಞಾನ ಹೇಳಸ್ತೀರಿ. ನನಗ ಬ್ಯಾರೆ ಕೆಲಸಿಲ್ಲೇನು?"

ಅಂತ್ಯ ಎರಡು: ಗುರುಗಳಿಗೂ ಆಗಿಬಿಡುತ್ತದೆ.

ಇದನ್ನು ಕೇಳಿ ಕೃಷ್ಣಾಜಿ ನನ್ನ ಹತ್ತಿರ ಸರಿದರು. ಇಷ್ಟು ಹೊತ್ತೂ ವಾದ ಮಾಡಿದ ಮನುಷ್ಯ ಮೆತ್ತಗಾಗಿದ್ದರು. "ಅದನ್ನ ಬರದುಬಿಡ್ರಿ. ನೀವು ಬರದ್ರ ಆಗ್ತದಲ್ಲಾ? ಒಂದಽ ವಾಕ್ಯ, ದಯಮಾಡಿ."

ಬರೆದೆ. 'ಕೃಷ್ಣಾಜಿಯವರಿಗೆ ಜ್ಞಾನೋದಯವಾಯಿತು.'

ಇಬ್ಬರೂ ಕಾದೆವು. ಏನೂ ಆಗಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನನ್ನ ಹತ್ತಿರ ಇಲ್ಲದ್ದನ್ನು ನಾನು ಹೇಗೆ ಕೊಡಲಿ? ಸಂಕಟವಾಯಿತು. ವಾಕ್ಯ ಅಳಿಸಿದೆ.

೭

ಮರುದಿನ ಸಂಜೆ ಎಲ್ಲರೂ ಎದ್ದು ಹೋದರು, ಅಂದಾನೆಪ್ಪನೊಬ್ಬ ಉಳಿದಿದ್ದ. (ಇದನ್ನು ನಾನು ಪ್ಲ್ಯಾನ್ ಮಾಡಿರಲಿಲ್ಲ.) ಹೊರಡಲೆಂದು ಅವನೂ ಎದ್ದ. ಅಷ್ಟರಲ್ಲಿ ಕೃಷ್ಣಾಜಿಯವರ ಮೂಗಿನ ಮೇಲಿನ ಚಾಳೀಸು ಜಾರಿ ಬಿತ್ತು. ಎತ್ತಿಕೊಳ್ಳಲು ಅವರು ಬಾಗಿದರು, ಎತ್ತಿಕೊಡಲು ಅವನೂ ಬಾಗಿದ. ತಲೆಗೆ ತಲೆ ಫಡ್ ಎಂದು ಹೊಡೆಯಿತು.

ಸುಂದರಾಬಾಯಿ ಓಡಿ ಬಂದರು. "ಇನ್ನೊಮ್ಮೆ ತಲಿಗೆ ತಲಿ ಹಾಯಿರಿ! ಒಮ್ಮೆ ಹಾದು ಬಿಟ್ರ ಕೋಡು ಮೂಡ್ತಾವ!"

ಇದನ್ನು ನಂಬುವವರು ಈ ಸೀಮೆಯಲ್ಲಿ ಯಾರೂ ಇಲ್ಲ. ಎರಡನೇ ಸಲ ಹಾಯದೆ ಬಿಟ್ಟವರೂ ಇಲ್ಲ. ವೇದಾಂತಿಯೂ ಜ್ಞಾನಿಯೂ ಎದುರುಬದುರು ನಿಂತು, ತಲೆ ಬಾಗಿಸಿ, ಹಣೆಗೆ ಹಣೆ ಮೆಲ್ಲಗೆ ತಾಗಿಸಿದರು. ಅಂದಾನೆಪ್ಪನಿಗೆ ನಗು ತಡೆಯಲಿಲ್ಲ. ಸುಂದರಾಬಾಯಿ ಸಮಾಧಾನದಿಂದ ಒಳಗೆ ಹೋದರು.

ಕೃಷ್ಣಾಜಿ ತಲೆ ಎತ್ತಲಿಲ್ಲ. ಹೇಗೂ ಬಾಗಿಯಾಗಿತ್ತು.

"ಅಂದಾನೆಪ್ಪ," ಎಂದರು ಪಿಸುದನಿಯಲ್ಲಿ, "ನಾ ಯಾವ ಮಾತು ಹೇಳಿದ್ದೆನೋ? ನನಗ ನೆನಪಿಲ್ಲ. ನನಗ ಇನ್ನೂ ಆಗಿಲ್ಲೋ."

ಅಂದಾನೆಪ್ಪನ ನಗು ನಿಂತಿತು. ಆಮೇಲೆ ಗುರುಗಳ ಕೈ ಹಿಡಿದು ಕೂರಿಸಿದ. "ಹೇಳತೇನ್ರಿ. ನಿಮ್ಮಂಗ ಹೇಳಾಕ ಬರಂಗಿಲ್ಲ, ಬಂದಂಗ ಹೇಳತೇನಿ."

ನಾನು ಕಿವಿ ನಿಮಿರಿಸಿ ಮುಂದೆ ಬಗ್ಗಿದೆ. ಕೃಷ್ಣಾಜಿ ನನ್ನ ಕಡೆ ಅಂಗೈ ಎತ್ತಿದರು. "ನೀವು ಸ್ವಲ್ಪ ಹೊರಗ ನಿಂದರ್ರಿ."

ನಿಂತೆ. ಬಾಗಿಲು ಮುಚ್ಚಿಕೊಂಡಿತು. ಅಂದಾನೆಪ್ಪನ ಮೆಲುದನಿ ಕೇಳಿತು, ಮಾತು ಕೇಳಲಿಲ್ಲ. ಆಮೇಲೆ ಕೃಷ್ಣಾಜಿ: "ತಿಳೀಲಿಲ್ಲ. ಇನ್ನೊಮ್ಮೆ ಹೇಳು." ಮತ್ತೆ ಮೆಲುದನಿ. "ಊಹ್ಞೂಂ, ಮತ್ತೊಮ್ಮೆ." ಇನ್ನಷ್ಟು ಮಾತು, ಈ ಸಲ ತುಸು ಜೋರು. ಕೊನೆಗೆ ಜ್ಞಾನಿಯ ದನಿ ತಾರಕಕ್ಕೇರಿತು: "ಇಷ್ಟ ಸರಳ ಮಾತು ತಿಳಿಯಂಗಿಲ್ಲೇನ್ರಿ ನಿಮಗ!"

ಆಮೇಲೆ ಕೃಷ್ಣಾಜಿ ಹೊಟ್ಟೆ ಹಿಡಿದುಕೊಂಡು ನಗುವುದು ಕೇಳಿಸಿತು. ಇಡೀ ಕಥೆಯಲ್ಲಿ ಅವರು ಬಾಯಿತುಂಬ ನಕ್ಕಿದ್ದು ಇದೇ ಮೊದಲು.

"ಈಗ ತಿಳೀತೇನಪ್ಪಾ, ಇಷ್ಟ್ ವರ್ಷ ನನ್ನ ಪಾಡು?"

ಅಂದಾನೆಪ್ಪನೂ ನಗತೊಡಗಿದ. ಗುರುಗಳಿಗೆ ಆಯಿತೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ, ನಾನೂ ನಿಮ್ಮ ಹಾಗೆ ಹೊರಗೇ ಇದ್ದೇನೆ. ಒಳಗೆ ಪಾಠ ಮತ್ತೆ ಮೊದಲಿನಿಂದ ನಡೆದಿದೆ.